ತಣ್ಣಗಾದ ಇಷ್ಟಲಿಂಗ

ಗಂಡ ಲಿಂಗೈಕ್ಯನಾದದ್ದು ಸೋಮವಾರ ಸಂಜೆ ಆರೂಕಾಲಿಗೆ ಎಂದು ಗೌರಕ್ಕ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಮಂಗಳವಾರ ಮಧ್ಯಾಹ್ನ ಎಂದಿತ್ತು. ಯಾರಾದರೂ ಅದನ್ನು ಎತ್ತಿದರೆ, "ಕಾಗದದಾಗಿಂದು ದೇಹದ ಹೊತ್ತು. ನಾ ಹೇಳಾಕತ್ತಿದ್ದು ಆತ್ಮದ ಹೊತ್ತು" ಎನ್ನುತ್ತಿದ್ದಳು. ಆಮೇಲೆ ಯಾರೂ ವಾದಕ್ಕೆ ನಿಲ್ಲುತ್ತಿರಲಿಲ್ಲ. ಆ ಹೊತ್ತು ಹೇಳಿದವನು ಅವಳ ಒಡಹುಟ್ಟಿದ ತಮ್ಮ, ಊರಿಗೆಲ್ಲ ಗೊತ್ತಿದ್ದ ಮಿದುಳಿನ ಡಾಕ್ಟರ್ ಗುರುಪಾದ.

ಗುರುಪಾದ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನಿಗೆ ಆರು ತುಂಬುವಷ್ಟರಲ್ಲಿ ತಾಯಿ ಹೋದಳು. ಅವನ ತಲೆಗೆ ಎಣ್ಣೆ ಹಚ್ಚಿದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು, ಮುಂಜಾನೆ ಎಬ್ಬಿಸಿ ಪಕ್ಕದಲ್ಲಿ ಕೂಡಿಸಿಕೊಂಡು ಅಂಗೈ ಮೇಲೆ ಇಷ್ಟಲಿಂಗವಿಟ್ಟು ಪೂಜೆ ಕಲಿಸಿದವಳು ಗೌರಕ್ಕ. ಹಳೇ ಹುಬ್ಬಳ್ಳಿಯ ಕಾಳಿನ ವ್ಯಾಪಾರಿ ಮಡಿವಾಳಪ್ಪನನ್ನು ಮದುವೆಯಾಗಿ ಬಂದಾಗಲೂ ತಮ್ಮನನ್ನು ಕರೆದುಕೊಂಡೇ ಬಂದಳು. ಮಡಿವಾಳಪ್ಪ ಒಂದು ಮಾತು ಆಡಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ, ಆ ಮನೆಯಲ್ಲಿ ಮಗ ಎಂದರೂ ತಮ್ಮ ಎಂದರೂ ಗುರುಪಾದನೇ. ಅವನು ಓದಿ ದೊಡ್ಡ ಡಾಕ್ಟರನಾಗಿ ರಾಯಾಪುರದಲ್ಲಿ ಮನೆ ಕಟ್ಟಿಸಿದ ಮೇಲೂ ತಿಂಗಳಿಗೊಮ್ಮೆ ಅಕ್ಕನ ಮನೆಗೆ ಬಂದು, ಪೂಜೆಗೆ ಕೂತು, ಉಂಡು ಹೋಗುತ್ತಿದ್ದ.

ಮಡಿವಾಳಪ್ಪ ಬಿದ್ದದ್ದು ಒಂದು ಶನಿವಾರ. ಅಂಗಡಿಗೆ ಹೊರಟವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ತಲಿ ಒಂಥರಾ ಆಗೇತಿ" ಎಂದ. ಅಷ್ಟೇ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೂರು ದಿನ ಆಸ್ಪತ್ರೆಯ ಯಂತ್ರ ಅವನ ಎದೆಗೆ ಉಸಿರು ತುಂಬುತ್ತಿತ್ತು. ಮಂಗಳವಾರ ಮುಂಜಾನೆ ಕಾಶೀಬಾಯಿ ಎಂಬ ಆಸ್ಪತ್ರೆಯ ಹೆಣ್ಣುಮಗಳು ಗೌರಕ್ಕನ ಪಕ್ಕ ಬಂದು ಕೂತಳು. ಅಂಗಾಂಗ ದಾನದ ವಿಷಯವನ್ನು ಮನೆಯವರ ಜೊತೆ ಮಾತಾಡುವುದು ಅವಳ ಕೆಲಸ. ಮಿದುಳು ಸತ್ತಿದೆ, ಇನ್ನೊಂದು ಸಲ ಪರೀಕ್ಷೆ ಮಾಡಿ ಖಾತ್ರಿ ಮಾಡುತ್ತಾರೆ, ಆಮೇಲೆ ನೀವು ಒಪ್ಪಿದರೆ ಮೂತ್ರಪಿಂಡ, ಯಕೃತ್ತು, ಕಣ್ಣು ಬೇರೆಯವರಿಗೆ ಬದುಕು ಕೊಡುತ್ತವೆ ಎಂದು ಮೆಲ್ಲಗೆ ತಿಳಿಸಿ ಹೇಳಿದಳು.

ಗೌರಕ್ಕನಿಗೆ ಮಾತು ತಿಳಿಯಿತು. ತಿಳಿಯದೇ ಇದ್ದದ್ದು ಮಡಿವಾಳಪ್ಪನ ಕೈ. ಅದು ಬೆಚ್ಚಗಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳು ತಮ್ಮನನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋಗಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ಗುರು, ಮಿದುಳಿಂದು ಬಿಡು. ಅವರು ಇನ್ನೂ ಒಳಗ ಇದ್ರ? ಆತ್ಮ ಇರೂ ಮನಿಷ್ಯಾನ್ನ ಕೊಯ್ಯಾಕ ನಾ ಹೆಂಗ ಸಹಿ ಮಾಡ್ಲಿ?"

ಗುರುಪಾದ ಒಳಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಮಡಿವಾಳಪ್ಪನ ಬೆಳ್ಳಿಯ ಕರಡಿಗೆ ಇತ್ತು. ಅದನ್ನು ಬಿಚ್ಚಿ ಇಷ್ಟಲಿಂಗವನ್ನು ಅಕ್ಕನ ಅಂಗೈ ಮೇಲೆ ಇಟ್ಟ. ನಲವತ್ತು ವರ್ಷ ಗಂಡನ ಪೂಜೆಗೆ ಅಣಿ ಮಾಡಿಕೊಟ್ಟವಳು ಅವಳು. ಗಂಡನ ಮೈ ಶಾಖ ಹೀರಿಕೊಂಡು ಯಾವಾಗಲೂ ಉಗುರುಬೆಚ್ಚಗೆ ಇರುತ್ತಿದ್ದ ಲಿಂಗ ಈಗ ಬಾವಿಯ ತಳದ ಕಲ್ಲಿನ ಹಾಗೆ ಕೊರೆಯುತ್ತಿತ್ತು.

"ನೋಡಕ್ಕಾ, ತಣ್ಣಗಾಗೇತಿ," ಎಂದ ಗುರುಪಾದ. "ನಿನ್ನೆ ಸಂಜೀಕ ಆರೂಕಾಲು. ನಾ ಮಾವನ ಬಾಜೂಕ ನಿಂತಿದ್ನಿ. ಆವಾಗ ಹೋತು. ನನಗ ಗೊತ್ತಾತು."

"ನನ್ನ ಮ್ಯಾಲಿನ ಆಣಿ?"

"ನಿನ್ನ ಮ್ಯಾಲಿನ ಆಣಿ ಅಕ್ಕಾ."

ಗೌರಕ್ಕ ಸಹಿ ಮಾಡಿದಳು. ಮರುದಿನ ಲಿಂಗವನ್ನು ಮಡಿವಾಳಪ್ಪನ ಎಡಗೈಯಲ್ಲಿಟ್ಟು ಸಮಾಧಿ ಮಾಡಿದರು.

ಆ ಮಾತು ಅವಳನ್ನು ಎತ್ತಿ ಹಿಡಿಯಿತು. ಅಂಥ ದುಃಖದಲ್ಲೂ ಅವಳು ಊಟ ಬಿಡಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಪ್ರತಿ ಸೋಮವಾರ ಸಂಜೆ ದೀಪ ಹಚ್ಚಿ ಅರ್ಧ ತಾಸು ಕೂಡುತ್ತಿದ್ದಳು. ಎದುರುಮನೆಯ ಸಿತಾರಾ ಹೊಲಿಗೆ ಮಶೀನು ನಿಲ್ಲಿಸಿ ಬಂದು ಹೊಸ್ತಿಲ ಹೊರಗೆ ಕೂತಿರುತ್ತಿದ್ದಳು. ಇಬ್ಬರದು ಮೂವತ್ತು ವರ್ಷಗಳ ಗೆಳೆತನ. ಅವಳಿಗೆ ಈ ಕತೆ ಗೌರಕ್ಕನಷ್ಟೇ ಬಾಯಿಪಾಠವಾಗಿತ್ತು.

ನಾಲ್ಕು ತಿಂಗಳ ನಂತರ ಕಾಶೀಬಾಯಿ ಫೋನು ಮಾಡಿದಳು. ಶಿರಗುಪ್ಪಿಯ ಶರಣವ್ವ ಎಂಬಾಕೆಯ ಮಗ ಪ್ರಬುದ್ಧ ಗದಗ ರಸ್ತೆಯಲ್ಲಿ ಬೈಕಿನಿಂದ ಬಿದ್ದಿದ್ದ. ಇಪ್ಪತ್ತನಾಲ್ಕು ವರ್ಷ. ಅವನ ಮಿದುಳೂ ಸತ್ತಿತ್ತು. "ಅವ್ರ ಜೋಡಿ ನೀವು ಎರಡು ಮಾತು ಆಡ್ತೀರೇನ್ರಿ ಅವ್ವಾರ? ಅನುಭವಿಸಿದವ್ರು ಹೇಳಿದ್ರ ಬ್ಯಾರೆ" ಎಂದಳು. ಗೌರಕ್ಕ ಬಿಸಿಲಲ್ಲಿ ಆಟೋ ಹಿಡಿದು ಹೋದಳು. ಗೌರಕ್ಕ ಅಂದು ತಮ್ಮನಿಗೆ ಕೇಳಿದ ಪ್ರಶ್ನೆಯನ್ನೇ ಶರಣವ್ವನೂ ಕೇಳಿದಳು. ಗೌರಕ್ಕ ಅವಳ ಕೈ ಹಿಡಿದುಕೊಂಡು ಸೋಮವಾರ ಸಂಜೆಯ ಕತೆ ಹೇಳಿದಳು. "ಆತ್ಮ ಮೊದಲು ಹೋಗತೈತವ್ವಾ. ಲಿಂಗ ತಣ್ಣಗಾಗತೈತಿ. ನಾ ಕೈಯಾಗ ಹಿಡದು ನೋಡೀನಿ. ನನ್ನ ತಮ್ಮ ದೊಡ್ಡ ಡಾಕ್ಟರ್, ಅಂವ ಕಣ್ಣಾರ ನೋಡ್ಯಾನ." ಶರಣವ್ವ ಬಹಳ ಹೊತ್ತು ಅತ್ತು, ಆಮೇಲೆ ಸಹಿ ಮಾಡಿದಳು.

ಗೌರಕ್ಕ ಅದನ್ನು ಹೇಳಿದಾಗ ಗುರುಪಾದ ತಲೆ ತಗ್ಗಿಸಿ ಉಪ್ಪಿಟ್ಟು ತಿನ್ನುತ್ತ "ಛಲೋ ಆತು" ಎಂದಿದ್ದ.

ಜನವರಿಯ ಒಂದು ರವಿವಾರ ಧಾರವಾಡದಲ್ಲಿ ಗುರುಪಾದನ ಭಾಷಣವಿತ್ತು. ಸಿತಾರಾಳ ಮಗಳು ಮುಸ್ಕಾನ್ ಕಾಲೇಜಿನ ಗೋಡೆಯ ಮೇಲೆ ಅದರ ಕಾಗದ ನೋಡಿ ಬಂದು ಹೇಳಿದಳು. ವಿಷಯ: ಮಿದುಳು ಮತ್ತು ಆತ್ಮ. ಗೌರಕ್ಕ ಹಿಗ್ಗಿದಳು. ತಮ್ಮನ ಭಾಷಣವನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವೆಲ್ಲ ಇಂಗ್ಲಿಷಿನಲ್ಲಿ, ದೂರದ ಊರುಗಳಲ್ಲಿ. ಅವನಿಗೆ ಹೇಳದೇ ಹೋಗಿ ಎದುರಿಗೆ ನಿಲ್ಲಬೇಕೆಂದು ಇಳಕಲ್ ಸೀರೆ ಉಟ್ಟು, ಸಿತಾರಾಳನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದಳು.

ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಗುರುಪಾದ ಚಂದ ಮಾತಾಡಿದ. ಪಾರ್ಶ್ವವಾಯು ಹೊಡೆದ ಮಾಸ್ತರರೊಬ್ಬರು ತಮ್ಮ ಎಡಗೈಯನ್ನು ನೋಡಿ "ಇದು ನನ್ನದಲ್ಲ, ನಮ್ಮ ಅಣ್ಣಂದು, ಒಯ್ದು ಕೊಡ್ರಿ" ಎಂದು ಜಗಳ ತೆಗೆಯುತ್ತಿದ್ದುದನ್ನು ಹೇಳಿದ. ಮೂರ್ಛೆರೋಗದ ಅಜ್ಜಿಯೊಬ್ಬಳ ಕತೆ ಹೇಳಿದ: ಫಿಟ್ಸ್ ಬರುವ ಮುಂಚೆ ಅವಳಿಗೆ ಊದಿನಕಡ್ಡಿಯ ವಾಸನೆ ಬಂದು, ಬೆನ್ನ ಹಿಂದೆ ದೇವರು ನಿಂತ ಹಾಗೆ ಆಗುತ್ತಿತ್ತು, ಗುಳಿಗೆ ಶುರು ಮಾಡಿದ ಮೇಲೆ ದೇವರು ಬರುವುದು ನಿಂತಿತು, ಗುಳಿಗೆ ಬೇಡವೆಂದು ಅಜ್ಜಿ ಅತ್ತಳು. ಜನ ನಗುವುದನ್ನು ಮರೆತು ಕೇಳುತ್ತಿದ್ದರು. ಗೌರಕ್ಕನಿಗೆ ಆ ಅಜ್ಜಿಯ ಬಗ್ಗೆ ಮರುಕ ಬಂತು, ತಮ್ಮನ ಬಗ್ಗೆ ಹೆಮ್ಮೆಯೂ ಬಂತು.

ಮುಂದಿನ ಸಾಲಿನ ವಯಸ್ಸಾದವರೊಬ್ಬರು ಎದ್ದು, "ಡಾಕ್ಟರ, ಹಂಗಾದ್ರ ಆತ್ಮ ಐತೋ ಇಲ್ಲೋ ಒಂದ ಮಾತಿನ್ಯಾಗ ಹೇಳ್ರಿ" ಎಂದರು.

"ಇಪ್ಪತ್ತು ವರ್ಷ ಹುಡುಕೀನ್ರಿ, ನನಗ ಎಲ್ಲೂ ಸಿಕ್ಕಿಲ್ಲ," ಎಂದ ಗುರುಪಾದ. "ಮಿದುಳು ನಿಂತ್ರ ನಾನು ಅನ್ನೂದು ನಿಲ್ಲತೈತಿ. ಹೋಗೂದಕ್ಕ ಒಳಗ ಬ್ಯಾರೆ ಯಾರೂ ಇಲ್ಲ."

ಗೌರಕ್ಕ ತಾನು ಕೇಳಿದ್ದು ಸರಿಯೋ ಎಂದು ಸಿತಾರಾಳ ಮುಖ ನೋಡಿದಳು. ಅಷ್ಟರಲ್ಲಿ ಒಬ್ಬ ಎಳೆಯ ಡಾಕ್ಟರಮ್ಮ ಎದ್ದು ನಿಂತಿದ್ದಳು. "ಸರ್, ಆತ್ಮ ನಂಬೋ ಮನಿಯವರಿಗೆ ಮಿದುಳು ಸಾವನ್ನ ಹೆಂಗ ತಿಳಿಸಿ ಹೇಳೋದ್ರಿ?"

ಗುರುಪಾದ ನಕ್ಕ. "ಅವ್ರ ಭಾಷಾದಾಗ ಹೇಳಬೇಕು. ಒಬ್ಬ ಹೆಣ್ಣುಮಗಳು ಗಂಡನ ಆತ್ಮ ಇನ್ನೂ ಒಳಗ ಐತೇನೋ ಅಂತ ಸಹಿ ಮಾಡಾಕ ಒಲ್ಲೆ ಅಂದ್ಲು. ಸ್ಕ್ಯಾನಿಗೆ ಒಯ್ಯೂ ಮುಂದ ನರ್ಸು ಆತನ ಇಷ್ಟಲಿಂಗ ತಗದು ಸ್ಟೀಲ್ ಟ್ರೇದಾಗ ಇಟ್ಟಿದ್ಲು. ಎ.ಸಿ. ಕೆಳಗ ರಾತ್ರಿಯೆಲ್ಲಾ ಇದ್ದು ಮಂಜುಗಡ್ಡಿ ಆಗಿತ್ತು. ಅದನ್ನ ಒಯ್ದು ಆಕಿ ಕೈಯಾಗ ಇಟ್ಟೆ. ನೋಡವ್ವಾ, ತಣ್ಣಗಾಗೇತಿ, ಆತ್ಮ ಹೋಗೇತಿ ಅಂದೆ. ಮರುಮಾತಿಲ್ಲದ ಸಹಿ ಮಾಡಿದ್ಲು. ಮೂರು ಜೀವ ಉಳದ್ವು, ಇಬ್ಬರಿಗೆ ಕಣ್ಣು ಬಂದ್ವು. ಅರ್ಧ ನಿಮಿಷದ ಒಂದು ಸುಳ್ಳು!"

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಬುದ್ಧಿವಂತನ ಜಾಣತನಕ್ಕೆ ಮೆಚ್ಚಿ ನಗುವ ನಗು. ಆಮೇಲೆ ಚಪ್ಪಾಳೆ.

ಗೌರಕ್ಕ ಎದ್ದಳು. ಸಿತಾರಾ ಅವಳ ತೋಳು ಹಿಡಿದುಕೊಂಡಳು. ನಡುವಿನ ದಾರಿಯಲ್ಲಿ ಇಬ್ಬರೂ ಬಾಗಿಲ ಕಡೆ ನಡೆಯುತ್ತಿರುವಾಗ ವೇದಿಕೆಯ ಮೇಲಿಂದ ಮಾತು ನಿಂತಿತು. ಗೌರಕ್ಕ ತಿರುಗಿ ನೋಡಿದಳು. ಗುರುಪಾದ ನೀರಿನ ಗ್ಲಾಸು ಹಿಡಿದುಕೊಂಡು, ಕುಡಿಯದೆ, ಅವಳನ್ನೇ ನೋಡುತ್ತ ನಿಂತಿದ್ದ.

ಬಸ್ಸು ನವಲೂರು ದಾಟಿತು. ಸಿತಾರಾ, "ರೂಹು, ನೀವನ್ನೋ ಆತ್ಮ, ಯಾವಾಗ ಹೋತು ಅಂತ ಹೇಳೋ ಹಕ್ಕು ಡಾಕ್ಟರಿಗೂ ಇಲ್ಲ, ನಮಗೂ ಇಲ್ಲ ಗೌರಕ್ಕಾ" ಎಂದಳು. ಗೌರಕ್ಕ ಕಿಟಕಿಯ ಹೊರಗೆ ನೋಡುತ್ತ, "ಎಷ್ಟು ಸೋಮವಾರ ಆದ್ವು ಸಿತಾರಾ?" ಎಂದು ಕೇಳಿದಳು.

ಗುರುಪಾದ ಎರಡು ದಿನ ಫೋನು ಮಾಡಿದ. ಅವಳು ಎತ್ತಲಿಲ್ಲ. ಮೂರನೆಯ ದಿನ ತಾನೇ ರಾಯಾಪುರಕ್ಕೆ ಹೋದಳು. ಗಂಡ ಬದುಕಿದ ಮನೆಯಲ್ಲಿ ಈ ಮಾತು ಆಗುವುದು ಅವಳಿಗೆ ಬೇಡವಾಗಿತ್ತು. ಬಾಗಿಲು ತೆಗೆದ ತಮ್ಮನ ಹೆಂಡತಿ ರಾಜೇಶ್ವರಿ ಮುಖ ನೋಡಿ ಎಲ್ಲ ತಿಳಿದುಕೊಂಡು ಚಹಾದ ನೆಪದಲ್ಲಿ ಒಳಗೆ ಹೋದಳು.

"ಅಕ್ಕಾ, ನಿನ್ನ ಹೆಸರು ನಾ ಹೇಳಲಿಲ್ಲ," ಎಂದು ಗುರುಪಾದನೇ ಶುರು ಮಾಡಿದ.

"ಹೇಳಿದ್ರ ಛಲೋ ಇತ್ತು. ಹೆಸರಿಲ್ಲದಾಕಿ ಮ್ಯಾಲ ಮಂದಿಗೆ ನಗೂದು ಹಗರ."

ಅವನು ಕುರ್ಚಿ ಸರಿಸಿಕೊಟ್ಟ, ಅವಳು ಕೂಡಲಿಲ್ಲ.

"ಟ್ರೇದಾಗ ಇತ್ತೇನು?"

"ಹೂಂ."

"ಅದು ಯಾಕ ತಣ್ಣಗೈತಿ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು ಅಕ್ಕಾ. ಆದ್ರ ಮಾವ ಹೋಗಿದ್ದು ಸುಳ್ಳಲ್ಲ. ಪರೀಕ್ಷಾ ಮಾಡಿದ ನಾಕು ಡಾಕ್ಟರ್‌ದಾಗ ನಾ ಇದ್ದಿಲ್ಲ. ಅವ್ರೆಲ್ಲಾ ನೋಡಿ ಹೇಳಿದ್ದು. ಮಾವ ತಿರುಗಿ ಬರ್ತಿದ್ದಿಲ್ಲ. ಅದನ್ನ ನಾ ನಿನ್ನ ಭಾಷಾದಾಗ ಹೇಳಿದೆ, ಅಷ್ಟ."

"ನನ್ನ ಭಾಷಾದಾಗ ಆತ್ಮ ಅಂದ್ರ ಮಿದುಳು ಅಲ್ಲೋ ಗುರು."

"ಇಲ್ಲಂದ್ರ ನೀ ಸಹಿ ಮಾಡ್ತಿದ್ದಿಲ್ಲ."

"ಮಾಡ್ತಿದ್ನೋ ಇಲ್ಲೋ ನನಗೂ ಗೊತ್ತಿಲ್ಲ. ಇನ್ನ ಯಾವತ್ತೂ ಗೊತ್ತಾಗಂಗಿಲ್ಲ. ಅದನ್ನ ಕಸಗೊಂಡಿ ನೀನು. ದಾನ ನಾ ಮಾಡೀನಿ ಅಂತ ಇಷ್ಟು ದಿನ ತಿಳಕೊಂಡಿದ್ನಿ. ಮಾಡಿದಾಂವ ನೀನು, ನನ್ನ ಕೈಲೆ."

"ಐದು ಮಂದಿ, ಅಕ್ಕಾ..."

"ಅವ್ರು ನೂರು ವರ್ಷ ಬದುಕಲಿ. ಅವ್ರ ಸುದ್ದಿ ಆಡಾಕ ನಾ ಬಂದಿಲ್ಲ."

ಅವಳು ಅವನ ಕೊರಳು ನೋಡಿದಳು. ಮನೆಯಲ್ಲಿ ಬನಿಯನ್ ಮೇಲೆ ಇದ್ದ. ಕೊರಳು ಬರಿದಾಗಿತ್ತು. ಅವಳ ದೃಷ್ಟಿ ಎಲ್ಲಿ ನಿಂತಿದೆ ಎಂದು ತಿಳಿದು ಅವನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು.

"ನಿನ್ನ ಲಿಂಗ ಎಲ್ಲಿ?"

"ಕಪಾಟಿನ್ಯಾಗ ಐತಿ. ನಿನ್ನ ಮನಿಗೆ ಬರೂ ಮುಂದ ಕಟ್ಕೋತೇನಿ."

"ಎಂದಿನಿಂದ?"

"ಮೆಡಿಕಲ್ ಎರಡನೇ ವರ್ಷದಿಂದ."

ಇಪ್ಪತ್ತೆಂಟು ವರ್ಷ. ಬಂದಾಗಲೆಲ್ಲ ತನ್ನ ಪಕ್ಕ ಅವನಿಗೊಂದು ಮಣೆ ಹಾಕಿ, ವಿಭೂತಿ ತೇದಿಟ್ಟು, ಪತ್ರಿ ಆರಿಸಿಟ್ಟ ಮುಂಜಾನೆಗಳು ಗೌರಕ್ಕನ ಕಣ್ಣ ಮುಂದೆ ಒಂದೊಂದಾಗಿ ಬಂದವು.

"ಕಣ್ಣು ಮುಚ್ಚಿ ಕುಂಡ್ರತಿದ್ದೆಲ್ಲಾ, ಏನ್ ಮಾಡ್ತಿದ್ದಿ?"

ಗುರುಪಾದ ನೆಲ ನೋಡಿದ. "ನೀ ಯಾವಾಗ ಕಣ್ಣು ತಗೀತಿ ಅಂತ ರೆಪ್ಪಿ ಸಂದ್ಯಾಗ ನೋಡ್ತಿದ್ನಿ. ನೀ ತಗದ ಮ್ಯಾಲ ನಾ ತಗೀತಿದ್ದೆ."

ಒಳಗೆ ಕುಕ್ಕರ್ ಕೂಗಿತು. ಗೌರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ಖರೇ ಹೇಳು. ನಿಮ್ಮ ಮಾವ ಎಲ್ಲಿದ್ದಾರ?"

ಅವನು, "ಎಲ್ಲೂ ಇಲ್ಲ ಅಕ್ಕಾ" ಎಂದ. ಅವನ ದನಿ ಒಡೆದಿತ್ತು.

"ಇದನ್ನ ಅವತ್ತ ಹೇಳಬೇಕಾಗಿತ್ತು. ನಾ ನಿನ್ನ ಬೈತಿದ್ದೆ, ಕಪಾಳಕ್ಕ ಹೊಡೀತಿದ್ದೆ. ಆದ್ರ ನಿನ್ನ ಜೋಡಿ ಕೂತು ಅಳತಿದ್ದೆ. ಈಗ ನೋಡು, ನೀ ಇಲ್ಲ ಅಂದ್ರೂ ನನಗ ನಂಬಿಕಿ ಬರವಲ್ಲದು. ಐತಿ ಅಂದಾಗಿನ ಮಾತೂ ಹೋತು. ಅವರು ಇದ್ದಾರೋ ಇಲ್ಲೋ ನಾನ ತಿಳಕೋತೇನಿ. ಅದರಾಗ ನಿನ್ನ ಕೇಳೂದು ಮುಗೀತು."

ರಾಜೇಶ್ವರಿ ಚಹಾ ತರುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ತನಗಾದ ಮೋಸವನ್ನು ಗೌರಕ್ಕ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಅವಳನ್ನು ಕೂಡಗೊಡದೆ ಕಾಡಿದ್ದು ಶಿರಗುಪ್ಪಿಯ ಶರಣವ್ವ. ಅದೇ ಸುಳ್ಳನ್ನು ಅವಳ ಕಿವಿಗೆ ತಾನೇ ಹಾಕಿ ಬಂದಿದ್ದೆನಲ್ಲ! ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಇಷ್ಟೂ ಅನುಮಾನವಿಲ್ಲದೆ ಹೇಳಿದ್ದೆನಲ್ಲ! ಹೋಗಿ ಖರೆ ಸಂಗತಿ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡು ಒಂದು ಮುಂಜಾನೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡುವುದೆಂದು ಜೋಡಿಸಿಕೊಂಡಳು.

ಶರಣವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಗೌರಕ್ಕನನ್ನು ಕಂಡು ಎದ್ದು ಬಂದು ಕಾಲಿಗೆ ಬೀಳಲು ಬಗ್ಗಿದಳು. ಗೌರಕ್ಕ ತಡೆದಳು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಂದವು. ಗೋಡೆಯ ಮೇಲೆ ಪ್ರಬುದ್ಧನ ಫೋಟೋ ಇತ್ತು. ಹೊಸ ಅಂಗಿ, ಇನ್ನೂ ಸರಿಯಾಗಿ ಮೂಡದ ಮೀಸೆ.

"ಶರಣವ್ವಾ, ನಿನಗೊಂದು ಮಾತು ಹೇಳಾಕ ಬಂದೀನಿ," ಎಂದಳು ಗೌರಕ್ಕ. "ಅವತ್ತ ದವಾಖಾನ್ಯಾಗ ನಾ ಹೇಳಿದ್ನೆಲ್ಲಾ, ಲಿಂಗದ್ದು..."

"ಆ ಮಾತಿನ ಮ್ಯಾಲ ಜೀವಾ ಹಿಡದೀನಿ ಯವ್ವಾ," ಎಂದಳು ಶರಣವ್ವ. "ನನ್ನ ಗಂಡ ಇನ್ನೂ ಅಂತಾನ, ಉಸರಾಡೂ ಮಗನ್ನ ಕೊಯ್ಯಾಕ ಕೊಟ್ಟಿ ಅಂತ. ಅವ ಹಂಗಂದಾಗೆಲ್ಲಾ ನಾ ನಿಮ್ಮ ಮಾತು ಹೇಳತೇನಿ. ಮಗಾ ಮೊದಲ ಹೋಗಿದ್ದ, ಆತ್ಮ ಹಂಗ ಹೋಗೂದನ್ನ ಗೌರಕ್ಕಾರ ತಮ್ಮ ಕಣ್ಣಾರ ನೋಡ್ಯಾರ ಅಂತ. ಹೌದಲ್ರಿ? ಹೋಗಿದ್ದ ಅಲ್ರಿ ನನ ಕೂಸು?"

ಮೆಣಸಿನಕಾಯಿ ಘಾಟಿಗೋ ಏನೋ ಗೌರಕ್ಕನ ಕಣ್ಣು ಉರಿಯಿತು. ಶರಣವ್ವ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಹೂಂನವ್ವಾ," ಎಂದಳು ಗೌರಕ್ಕ. "ಹೋಗಿದ್ದ."

ತಿರುಗಿ ಬರುವ ಬಸ್ಸು ಹತ್ತಿದಳು. ತಮ್ಮನ ಮೇಲಿನ ಸಿಟ್ಟು ಇಳಿಯಬೇಕಾಗಿತ್ತು. ಅವನು ಅವತ್ತು ನಿಂತ ಜಾಗದಲ್ಲಿ ಇವತ್ತು ತಾನು ನಿಂತು ನೋಡಿದ್ದಳು. ಇಳಿಯಲಿಲ್ಲ. ಇನ್ನಷ್ಟು ಏರಿತು. ಐವತ್ತೆಂಟು ವರ್ಷ ಗೊತ್ತಿದ್ದು ಒಂದು ಸುಳ್ಳಾಡದ ಬಾಯಿ ಅವಳದು. ಅವನು ಅದನ್ನೂ ಉಳಿಸಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ತವರಿನವರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುವುದು ಈ ಕಡೆಯ ರೂಢಿ. ತಾಯಿಯಿಲ್ಲದ ಗೌರಕ್ಕನಿಗೆ ತವರೆಂದರೆ ತಮ್ಮನ ಮನೆಯೇ. ಏಳು ತಿಂಗಳು ಮಾತಿಲ್ಲದೆ ಇದ್ದ ಗುರುಪಾದ ಅಂದು ಕಾರು ಓಣಿಯ ಹೊರಗೆ ನಿಲ್ಲಿಸಿ ನಡೆದು ಬಂದ. ಗೌರಕ್ಕ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ತಾಟಿನಲ್ಲಿ ಎರಡು ಶೇಂಗಾ ಉಂಡಿ ಇಟ್ಟು ಮುಂದೆ ಸರಿಸಿದಳು. ಅವನ ತಲೆಯಲ್ಲಿ ಬಿಳಿ ಕೂದಲು ಹೆಚ್ಚಾಗಿದ್ದವು.

ಅವನು ಉಂಡಿ ಮುಟ್ಟಲಿಲ್ಲ. "ಆ ಕತಿ ಆಮ್ಯಾಲ ಎಲ್ಲೂ ಹೇಳಿಲ್ಲ ಅಕ್ಕಾ. ಮನಿಯವ್ರು ಆತ್ಮದ ಸುದ್ದಿ ಕೇಳಿದ್ರ, ನನಗ ಗೊತ್ತಿಲ್ಲ ಅಂತ ಹೇಳತೇನಿ. ಕೆಲವ್ರು ಸಹಿ ಮಾಡ್ತಾರ, ಕೆಲವ್ರು ಮಾಡಂಗಿಲ್ಲ."

"ಹೂಂ."

"ನನ್ನ ಮ್ಯಾಲಿನ ಸಿಟ್ಟು ಹೋಗೇತಿ ಅಂತ ಒಂದ ಮಾತು ಅನ್ನು. ಸಾಕು."

ಗೌರಕ್ಕ ತಮ್ಮನ ಮುಖವನ್ನು ದಿಟ್ಟಿಸಿ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಮತೆಯೂ ಇರಲಿಲ್ಲ.

"ಅನ್ನಬಹುದು. ಅರ್ಧ ನಿಮಿಷದ ಮಾತು. ಆದ್ರ ನಾ ಖರೇ ಅಂದ್ನೋ, ನಿನಗ ಸಮಾಧಾನ ಆಗಲಿ ಅಂತ ಅಂದ್ನೋ, ನಿನಗ ಹೆಂಗ ಗೊತ್ತಾಗಬೇಕು ಗುರು?"

ಅವನು ಎದ್ದ. ಗೌರಕ್ಕ ಉಂಡಿಗಳನ್ನು ಕಾಗದದಲ್ಲಿ ಸುತ್ತಿ ರಾಜೇಶ್ವರಿಗೆ ಕೊಡು ಎಂದು ಅವನ ಕೈಗಿಟ್ಟಳು. ಆ ಪಂಚಮಿಗೆ ಅವಳು ತವರಿಗೆ ಹೋಗಲಿಲ್ಲ.